ನಾಲ್ವರ ಮೇಳ

ಬಾಗಲಕೋಟೆಯಿಂದ ಹುನಗುಂದದ ಕಡೆಗೆ ಹೋಗುವ ದಾರಿಯಲ್ಲಿ ಕಮತಗಿ ಎಂಬ ಊರಿದೆ. ಅದು ನೇಕಾರರ ಊರು. ಮಗ್ಗದ ಲಾಳಿ ಅತ್ತಿಂದಿತ್ತ ಓಡುವಾಗ ಹುಟ್ಟುವ ಸದ್ದಿಗೂ ಒಂದು ಲಯವಿದೆ. ಆ ಲಯ ತಪ್ಪಿದರೆ ಎಳೆ ಹರಿಯುತ್ತದೆ. ಆದುದರಿಂದ ನೇಕಾರನು ಕಣ್ಣಿನಿಂದ ಮಾತ್ರವಲ್ಲ, ಕಿವಿಯಿಂದಲೂ ನೇಯುತ್ತಾನೆ ಎಂದರೆ ತಪ್ಪಾಗದು.

ಕಮತಗಿಯ ಹೆಸರನ್ನು ದೂರದೂರದ ಊರುಗಳಿಗೆ ಒಯ್ದ ಇನ್ನೊಂದು ಕಲೆ ನಾಟಕ. ಊರಿನ ಹುಚ್ಚೇಶ್ವರ ಮಠದ ಹೆಸರನ್ನು ಹೊತ್ತ ಹುಚ್ಚೇಶ್ವರ ನಾಟ್ಯ ಸಂಘವು ವೃತ್ತಿನಾಟಕವನ್ನು ಬಲ್ಲವರೆಲ್ಲರಿಗೂ ಪರಿಚಿತವಾದುದು. 'ರಕ್ತರಾತ್ರಿ' ನಾಟಕವನ್ನು ಬರೆದ ಕಂದಗಲ್ಲ ಹನುಮಂತರಾಯರು ಇದೇ ಸೀಮೆಯವರು. 'ಸಂಪತ್ತಿಗೆ ಸವಾಲ್' ನಾಟಕವನ್ನು ಬರೆದ ಪಿ. ಬಿ. ಧುತ್ತರಗಿಯವರು ನೆರೆಯ ಸೂಳೇಭಾವಿಯವರು. ಇವರ ಮಾತುಗಳು ಪುಸ್ತಕಗಳಲ್ಲಿ ಉಳಿದಿವೆ. ಆದರೆ ಆ ಮಾತುಗಳ ನಡುವೆ ಕೇಳಿಬರುತ್ತಿದ್ದ ಸಂಗೀತದ ಗತಿ ಏನಾಯಿತು?

ನಾಟಕದ ಡೇರೆಯನ್ನು ನೆನಪಿಸಿಕೊಳ್ಳಿರಿ. ರಂಗದ ಬದಿಯಲ್ಲಿ ಕೆಲವೇ ಜನ ವಾದಕರು ಕುಳಿತಿದ್ದಾರೆ. ಒಬ್ಬರು ಪೇಟಿಯ ಮುಂದೆ, ಒಬ್ಬರು ತಬಲದ ಮುಂದೆ. ಮತ್ತೊಬ್ಬರ ಕೈಯಲ್ಲಿ ಕ್ಲಾರಿಯೊನೆಟ್ಟು, ಇನ್ನೊಬ್ಬರ ಕೈಯಲ್ಲಿ ತಾಳ. ನಟನು ಹಾಡನ್ನು ಎತ್ತಿಕೊಳ್ಳುತ್ತಾನೆ. ಸಭಿಕರು 'ಒನ್ಸ್ ಮೋರ್' ಎಂದು ಕೂಗುತ್ತಾರೆ. ನಟನು ಅದೇ ಹಾಡನ್ನು ಮತ್ತೊಮ್ಮೆ ಹಾಡುತ್ತಾನೆ, ಆದರೆ ಮೊದಲಿನಂತೆಯೇ ಹಾಡುವುದಿಲ್ಲ. ಒಂದು ಸ್ವರದ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತಾನೆ, ಒಂದು ತಾನನ್ನು ಹೊಸದಾಗಿ ಸೇರಿಸುತ್ತಾನೆ. ಅವನು ಮುಂದೇನು ಮಾಡುವನೆಂಬುದು ವಾದಕರಿಗೆ ಮೊದಲೇ ತಿಳಿದಿರುವುದಿಲ್ಲ. ಕಿವಿಗೊಟ್ಟು ಕೇಳಿ, ಆ ಕ್ಷಣದಲ್ಲಿಯೇ ಊಹಿಸಿ, ಅವನೊಡನೆ ನಡೆಯಬೇಕು. ಇದನ್ನು ಯಾವ ಪುಸ್ತಕದಲ್ಲಿಯೂ ಬರೆದಿಡಲಾಗದು.

ಹೀಗೆ ಒಬ್ಬರನ್ನೊಬ್ಬರು ಕೇಳುತ್ತ ಆ ಕ್ಷಣದಲ್ಲಿಯೇ ಸಂಗೀತವನ್ನು ಕಟ್ಟುವ ಕಲೆ ನಮ್ಮ ನಾಡಿನಲ್ಲಿ ಮಾತ್ರ ಇರುವುದಲ್ಲ. ಸಾವಿರಾರು ಮೈಲಿಗಳಾಚೆ, ಅಮೆರಿಕದಲ್ಲಿ ಹುಟ್ಟಿದ ಜಾಝ್ ಎಂಬ ಸಂಗೀತದ ಜೀವವೂ ಇದೇ ಆಗಿದೆ.

ಆಫ್ರಿಕದಿಂದ ಗುಲಾಮರನ್ನಾಗಿ ಸೆರೆಯೊಯ್ದ ಜನರ ಮಕ್ಕಳು ಮೊಮ್ಮಕ್ಕಳು ಅಮೆರಿಕದಲ್ಲಿ ತಮ್ಮ ದುಃಖವನ್ನೂ ಭಕ್ತಿಯನ್ನೂ ಹಾಡಾಗಿ ಹಾಡಿಕೊಂಡರು. ಹೊಲದಲ್ಲಿ ದುಡಿಯುವಾಗ ಒಬ್ಬನು ಕೂಗಿ ಹಾಡಿದರೆ ಉಳಿದವರು ಅದಕ್ಕೆ ಉತ್ತರ ಕೊಡುತ್ತಿದ್ದರು. ಈ ಹಾಡುಗಳೂ ಯುರೋಪಿನ ವಾದ್ಯಗಳೂ ಕೂಡಿ, ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ನ್ಯೂ ಆರ್ಲಿಯನ್ಸ್ ನಗರದಲ್ಲಿ ಜಾಝ್ ರೂಪುಗೊಂಡಿತು. ಜಾಝ್ ವಾದಕನು ಮೊದಲು ಎಲ್ಲರೂ ಬಲ್ಲ ಒಂದು ರಾಗವರಸೆಯನ್ನು ನುಡಿಸುತ್ತಾನೆ. ಬಳಿಕ ಅದರ ಹಂದರವನ್ನು ಬಿಡದೆ, ತನ್ನ ಕಲ್ಪನೆಯಿಂದ ಹೊಸ ಹೊಸ ಎಳೆಗಳನ್ನು ಹಬ್ಬಿಸುತ್ತಾನೆ. ಕೊನೆಗೆ ಎಲ್ಲರೂ ಮೊದಲಿನ ವರಸೆಗೇ ಮರಳುತ್ತಾರೆ. ನಮ್ಮ ಸಂಗೀತಗಾರರು ಇದನ್ನು ಮನೋಧರ್ಮವೆನ್ನುತ್ತಾರೆ. ನಮ್ಮಲ್ಲಿ ಹಂದರವೆಂದರೆ ರಾಗ ಮತ್ತು ತಾಳ. ಅವರಲ್ಲಿ ಹಂದರವೆಂದರೆ ಹಲವು ಸ್ವರಗಳು ಒಟ್ಟಿಗೆ ಮೊಳಗುವ ಸ್ವರಮೇಳಗಳ ಸಾಲು. ಭೇದವಿದ್ದರೂ ದಾರಿ ಒಂದೇ ಬಗೆಯದು.

ಜಾಝಿನಲ್ಲಿ ನಾಲ್ವರು ಕೂಡಿದ ಮೇಳಕ್ಕೆ ವಿಶೇಷವಾದ ಗೌರವವಿದೆ. ದೊಡ್ಡ ವಾದ್ಯವೃಂದದಲ್ಲಿ ಒಬ್ಬನು ಅರೆಗಳಿಗೆ ಮೈಮರೆತರೂ ಅದು ಮರೆಯಾಗಬಹುದು. ನಾಲ್ವರಲ್ಲಿ ಮರೆಯಾಗಲು ಸ್ಥಳವಿಲ್ಲ. ಪ್ರತಿಯೊಬ್ಬನ ಧ್ವನಿಯೂ ಬಿಡಿಬಿಡಿಯಾಗಿ ಕೇಳಿಸುತ್ತದೆ; ಪ್ರತಿಯೊಬ್ಬನ ಮೌನವೂ ಕೇಳಿಸುತ್ತದೆ.

ಇಂಥ ಸಂಗೀತವನ್ನು ಹಿಡಿದಿಡುವುದು ಹೇಗೆ? ನಮ್ಮ ದೇಶದಲ್ಲಿ ಗ್ರಾಮಫೋನಿಗಾಗಿ ಧ್ವನಿಮುದ್ರಣ ಆರಂಭವಾದುದು 1902ರಲ್ಲಿ. ಆ ವರ್ಷ ಕಲಕತ್ತೆಯಲ್ಲಿ ಗೌಹರ್ ಜಾನ್ ಎಂಬ ಪ್ರಸಿದ್ಧ ಗಾಯಕಿ ಹಾಡಿದರು. ಅಂದಿನ ತಟ್ಟೆಯ ಒಂದು ಬದಿಯಲ್ಲಿ ಮೂರು ನಿಮಿಷದಷ್ಟು ಸಂಗೀತ ಮಾತ್ರ ಹಿಡಿಯುತ್ತಿತ್ತು. ಗಂಟೆಗಟ್ಟಲೆ ಹಾಡುವ ರಾಗವನ್ನು ಮೂರು ನಿಮಿಷಕ್ಕೆ ಕುಗ್ಗಿಸುವುದೆಂದರೆ ಆಲದ ಮರವನ್ನು ಕುಂಡದಲ್ಲಿ ನೆಟ್ಟಂತೆ. 1948ರಲ್ಲಿ ನಿಧಾನವಾಗಿ ತಿರುಗುವ ದೀರ್ಘವಾದನದ ತಟ್ಟೆ ಬಂದಿತು. ಅದರ ಒಂದೊಂದು ಬದಿಯಲ್ಲಿ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಸಂಗೀತ ಹಿಡಿಯುವಂತಾಯಿತು. ಅದೇ ಕಾಲಕ್ಕೆ ಕಾಂತಪಟ್ಟಿಯ ಟೇಪು ಬಳಕೆಗೆ ಬಂದಿತು. ಕಛೇರಿಯನ್ನು ಕಛೇರಿಯಂತೆಯೇ ಮುದ್ರಿಸುವುದು ಆಗ ಸುಲಭವಾಯಿತು.

ಆದರೆ ಅದೇ ಟೇಪು ಇನ್ನೊಂದು ಬಾಗಿಲನ್ನೂ ತೆರೆಯಿತು. ಟೇಪನ್ನು ಕತ್ತರಿಸಿ ಅಂಟಿಸಬಹುದು. ತಪ್ಪಿದ ಸ್ವರವನ್ನು ತೆಗೆದು ಸರಿಯಾದ ಸ್ವರವನ್ನು ಕೂಡಿಸಬಹುದು. ಗಾಯಕನು ಇಂದು ಹಾಡಿ, ತಬಲಜಿಯು ನಾಳೆ ಬಂದು ತನ್ನ ಭಾಗವನ್ನು ನುಡಿಸಿ ಹೋಗಬಹುದು. ಧ್ವನಿಮುದ್ರಣದ ಕೋಣೆಯಲ್ಲಿ ಹೀಗೆ ಸಿದ್ಧವಾದ ಸಂಗೀತ ನಿರ್ದುಷ್ಟವಾಗಿರುತ್ತದೆ. ಆದರೆ ಅದರಲ್ಲಿ ಒಬ್ಬರು ಇನ್ನೊಬ್ಬರನ್ನು ನಿಜವಾಗಿ ಕೇಳಿದ್ದಾರೆಂದು ಹೇಳಲು ಬರುವುದಿಲ್ಲ. ಸಭೆಯ ಎದುರಿನಲ್ಲಿ ನಡೆದ ಮುದ್ರಣದಲ್ಲಿ ಒಬ್ಬ ಶ್ರೋತೃವಿನ ಕೆಮ್ಮು ಕೇಳಿಸೀತು, ತಂತಿ ಸಡಿಲಾದೀತು, ಒಂದು ಆವರ್ತ ಎಡವೀತು. ಪ್ರಕಟಿಸುವವರು ಅಲ್ಲಿಯೂ ಆಯ್ಕೆ ಮಾಡುತ್ತಾರೆ, ನಿಜ. ಆದರೂ ನಾಲ್ವರು ಒಂದೇ ಗಾಳಿಯನ್ನು ಉಸಿರಾಡುತ್ತ ಒಂದೇ ಹೊತ್ತಿನಲ್ಲಿ ನುಡಿಸಿದರೆಂಬ ಸತ್ಯಕ್ಕೆ ಆ ಮುದ್ರಣ ಸಾಕ್ಷಿಯಾಗಿ ನಿಲ್ಲುತ್ತದೆ.

ಇಂಥ ಸಾಕ್ಷಿಗಳಲ್ಲಿ ಒಂದನ್ನು ಇಲ್ಲಿ ನೋಡೋಣ. ಅಮೆರಿಕದಲ್ಲಿ 1952ರಲ್ಲಿ 'ಮಾಡರ್ನ್ ಜಾಝ್ ಕ್ವಾರ್ಟೆಟ್' ಎಂಬ ಮೇಳ ಹುಟ್ಟಿತು. ಅದರಲ್ಲಿ ಜಾನ್ ಲೂಯಿಸ್ ಪಿಯಾನೊ ನುಡಿಸುತ್ತಿದ್ದರು. ಮಿಲ್ಟ್ ಜಾಕ್ಸನ್ ಅವರದು ವೈಬ್ರಫೋನ್. ಲೋಹದ ಪಟ್ಟಿಗಳನ್ನು ಮೆತ್ತನೆಯ ಗುಂಡುಗೋಲುಗಳಿಂದ ಬಡಿದು, ಅವುಗಳ ನಾದವನ್ನು ತಿರುಗುವ ಬಿಲ್ಲೆಗಳಿಂದ ನಡುಗಿಸುವ ವಾದ್ಯವದು. ಪರ್ಸಿ ಹೀತ್ ಆಳೆತ್ತರದ ಬಾಸ್ ವಾದ್ಯದ ತಂತಿಗಳನ್ನು ಮೀಟುತ್ತಿದ್ದರು. 1955ರಿಂದ ಕಾನಿ ಕೇ ಡೋಲು ನುಡಿಸಿದರು. ಆ ಕಾಲದಲ್ಲಿ ಜಾಝ್ ಹೆಚ್ಚಾಗಿ ಪಾನಗೃಹಗಳ ಗದ್ದಲದಲ್ಲಿ ಕೇಳಿಬರುತ್ತಿತ್ತು. ಈ ನಾಲ್ವರು ಕಪ್ಪುಜನರು ಶಿಸ್ತಾದ ಉಡುಪು ಧರಿಸಿ, ಸಂಗೀತಸಭೆಗಳ ವೇದಿಕೆಯನ್ನೇರಿ, ತಮ್ಮ ಸಂಗೀತವು ಮೌನವಾಗಿ ಕುಳಿತು ಕೇಳಲು ತಕ್ಕುದು ಎಂಬುದನ್ನು ತೋರಿಸಿಕೊಟ್ಟರು. ವರ್ಣಭೇದ ತುಂಬಿದ್ದ ಅಂದಿನ ಸಮಾಜದಲ್ಲಿ ಅದು ಸಣ್ಣ ಮಾತಾಗಿರಲಿಲ್ಲ.

ಇಪ್ಪತ್ತೆರಡು ವರ್ಷಗಳ ಬಳಿಕ ಮಿಲ್ಟ್ ಜಾಕ್ಸನ್ ಮೇಳವನ್ನು ಬಿಡಲು ನಿಶ್ಚಯಿಸಿದರು. 1974ರ ನವೆಂಬರ್ 25ರಂದು ನ್ಯೂಯಾರ್ಕಿನಲ್ಲಿ ಬೀಳ್ಕೊಡುಗೆಯ ಕಛೇರಿ ನಡೆಯಿತು. ಅದರ ಧ್ವನಿಮುದ್ರಣ 'ದಿ ಲಾಸ್ಟ್ ಕಾನ್ಸರ್ಟ್', ಎಂದರೆ 'ಕೊನೆಯ ಕಛೇರಿ' ಎಂಬ ಹೆಸರಿನಿಂದ ಪ್ರಕಟವಾಗಿದೆ. ನೂರಾರು ಸಲ ನುಡಿಸಿದ ರಚನೆಗಳನ್ನೇ ಅವರು ಅಂದೂ ನುಡಿಸಿದರು. ಆದರೆ ಕೇಳಿದವರಿಗೆ ಅವು ಹಳತೆನ್ನಿಸುವುದಿಲ್ಲ. ವೈಬ್ರಫೋನು ಹಬ್ಬುತ್ತಿರುವಾಗ ಪಿಯಾನೊ ಎರಡೇ ಸ್ವರಗಳ ಪ್ರಶ್ನೆಯನ್ನು ಮುಂದಿಡುತ್ತದೆ. ವೈಬ್ರಫೋನು ಅದನ್ನು ಎತ್ತಿಕೊಂಡು ಉತ್ತರಿಸುತ್ತದೆ. ಡೋಲು ಎಲ್ಲಿಯೂ ಅಬ್ಬರಿಸದು. ಅಗಲಲಿರುವ ಜನ ಕೊನೆಯ ಸ್ವರದವರೆಗೂ ಒಬ್ಬರನ್ನೊಬ್ಬರು ಕೇಳುತ್ತಲೇ ಇದ್ದರು ಎಂಬುದೇ ಆ ತಟ್ಟೆಯ ಹಿರಿಮೆ. ಬಹುಶಃ ಆದುದರಿಂದಲೇ 1981ರಲ್ಲಿ ಅವರು ಮತ್ತೆ ಒಂದುಗೂಡಿದರು! ಆ ನಾಲ್ವರಲ್ಲಿ ಒಬ್ಬರೂ ಇಂದು ನಮ್ಮೊಡನಿಲ್ಲ. ಆ ರಾತ್ರಿ ಮಾತ್ರ ಉಳಿದಿದೆ.

ಇನ್ನು ನಮ್ಮ ನಾಡಿನ ನಾಲ್ವರ ಕಡೆಗೆ ಬರೋಣ. 1964ರಲ್ಲಿ ಬೆಂಗಳೂರಿನಲ್ಲಿ 'ಕರ್ನಾಟಕ ಕಾಲೇಜ್ ಆಫ್ ಪರ್ಕಶನ್' ಎಂಬ ಸಂಸ್ಥೆ ಆರಂಭವಾಯಿತು. ಪಕ್ಕವಾದ್ಯಗಳೆಂದು ಬದಿಗೆ ಸರಿಸಲ್ಪಟ್ಟಿದ್ದ ಲಯವಾದ್ಯಗಳಿಗೂ ಮುಂದಿನ ಸಾಲಿನಲ್ಲಿ ಸ್ಥಾನ ದೊರಕಿಸುವುದು ಅದರ ಹಂಬಲವಾಗಿತ್ತು. ಮೃದಂಗ ವಿದ್ವಾಂಸರಾದ ಟಿ. ಎ. ಎಸ್. ಮಣಿಯವರು ಅದರ ನಿರ್ದೇಶಕರಾಗಿ ದುಡಿದರು. ಅವರ ಪತ್ನಿ ಆರ್. ಎ. ರಮಾಮಣಿಯವರು ಗಾಯಕಿ. ಆರ್. ಎ. ರಾಜಗೋಪಾಲ್ ಅವರದು ಘಟ ಮತ್ತು ಮೋರ್ಸಿಂಗ್, ಟಿ. ಎನ್. ಶಶಿಕುಮಾರ್ ಅವರದು ಖಂಜಿರ. ಒಂದು ಕಂಠ, ಒಂದು ಮರದ ವಾದ್ಯ, ಒಂದು ಮಣ್ಣಿನ ಮಡಕೆ, ಅಂಗೈಯಗಲದ ಒಂದು ಚರ್ಮವಾದ್ಯ: ಇಷ್ಟೇ ಆ ಮೇಳದ ಸಂಪತ್ತು.

ಈ ನಾಲ್ವರೊಡನೆ ಐದನೆಯವರಾಗಿ ಕೂಡಿಕೊಂಡವರು ಅಮೆರಿಕದ ಜಾಝ್ ವಾದಕ ಚಾರ್ಲಿ ಮರಿಯಾನೊ. ಅವರು 1923ರಲ್ಲಿ ಬಾಸ್ಟನ್ ನಗರದಲ್ಲಿ ಹುಟ್ಟಿದವರು. ಸ್ಯಾಕ್ಸೊಫೋನ್ ವಾದನದಲ್ಲಿ ಹೆಸರು ಗಳಿಸಿ, ಹೆಸರಾಂತ ವಾದ್ಯವೃಂದಗಳಲ್ಲಿ ನುಡಿಸಿದ್ದವರು. ಇಷ್ಟಾದರೂ ಅವರು ತಮ್ಮ ವಿದ್ಯೆ ಮುಗಿಯಿತೆಂದು ತಿಳಿಯಲಿಲ್ಲ. ನಡುವಯಸ್ಸಿನಲ್ಲಿ ಶಿಷ್ಯರಾಗಿ ಕುಳಿತು ನಮ್ಮ ನಾಗಸ್ವರವನ್ನು ಕಲಿತರು. 1983ರಲ್ಲಿ, ಅರುವತ್ತರ ಅಂಚಿನಲ್ಲಿದ್ದಾಗ, ಬೆಂಗಳೂರಿನ ನಾಲ್ವರೊಡನೆ ಕೂಡಿ ಜರ್ಮನಿಯಲ್ಲಿ 'ಜ್ಯೋತಿ' ಎಂಬ ತಟ್ಟೆಯನ್ನು ಮುದ್ರಿಸಿದರು. ಅದರ ಆರಂಭದಲ್ಲಿ ಕೇಳಿಸುವುದು ಸ್ಯಾಕ್ಸೊಫೋನಲ್ಲ. ರಮಾಮಣಿಯವರ ಒಂಟಿ ಕಂಠ. ಹೆಸರಾಂತ ಅತಿಥಿಯು ತನ್ನ ಸರದಿ ಬರುವವರೆಗೆ ಸುಮ್ಮನೆ ಕಾಯುತ್ತಾನೆ. ಕಾಯುವುದೂ ಸಂಗೀತದ ಒಂದು ಭಾಗವೆಂಬುದನ್ನು ನಾವು ಅಲ್ಲಿ ಕಲಿಯಬಹುದು.

'ಜ್ಯೋತಿ'ಯು ಮುದ್ರಣದ ಕೋಣೆಯಲ್ಲಿ ಸಿದ್ಧವಾದುದು. ಅದಾದ ಕೆಲವು ವರ್ಷಗಳ ಮೇಲೆ, ಇದೇ ಮೇಳವು ಮರಿಯಾನೊ ಅವರೊಡನೆ ನುಡಿಸಿದ ಕಛೇರಿಯ ಮುದ್ರಣವು 'ಲೈವ್' ಎಂಬ ಹೆಸರಿನಿಂದಲೇ ಹೊರಬಂದಿತು. ಅಷ್ಟರಲ್ಲಿ ಪರಿಚಯವು ಸ್ನೇಹವಾಗಿತ್ತು. ಭಾಷೆ ಬೇರೆ, ದೇಶ ಬೇರೆ, ಕಲಿತ ವಿದ್ಯೆಯ ಕ್ರಮ ಬೇರೆ. ಅವರನ್ನು ಕೂಡಿಸಿದುದು ಎಣಿಕೆ. ನಮ್ಮ ಲಯವಿದ್ವಾಂಸರು ಬಾಯಿಂದ ಹೇಳುವ ಸೊಲ್ಲುಗಳಿಗೆ ಕೊನ್ನಕ್ಕೋಲು ಎನ್ನುತ್ತಾರೆ. 'ತಕಿಟ' ಎಂದರೆ ಮೂರು, 'ತಕದಿಮಿ' ಎಂದರೆ ನಾಲ್ಕು. ಎರಡೂ ಕೂಡಿದರೆ ಏಳು. ಮೇಜಿನ ಮೇಲೆ ಬೆರಳಿನಿಂದ ತಟ್ಟುತ್ತ ನೀವೂ ಇದನ್ನು ಹೇಳಿ ನೋಡಬಹುದು. ನಾಲ್ಕರ ನಡಿಗೆಗೆ ಒಗ್ಗಿದ್ದ ಜಾಝ್ ವಾದಕರಿಗೆ ಈ ಐದು, ಏಳುಗಳ ನಡಿಗೆ ಬಹು ಸೋಜಿಗವಾಗಿತ್ತು. ಡೇವ್ ಬ್ರುಬೆಕ್ ಎಂಬ ಪಿಯಾನೊ ವಾದಕರ ನಾಲ್ವರ ಮೇಳವು 1958ರಲ್ಲಿ ಭಾರತ ಮೊದಲಾದ ದೇಶಗಳಲ್ಲಿ ಸಂಚರಿಸಿ ಹಿಂದಿರುಗಿತು. ಮರುವರ್ಷ ಆ ಮೇಳವು ಮುದ್ರಿಸಿದ 'ಟೇಕ್ ಫೈವ್' ಎಂಬ ಐದೆಣಿಕೆಯ ರಚನೆ ಲೋಕಪ್ರಸಿದ್ಧವಾಯಿತು.

ಇಲ್ಲಿ ಇನ್ನೊಂದು ಸೊಗಸಾದ ಸಂಗತಿಯನ್ನು ನೆನೆಯಬೇಕು. ಸ್ಯಾಕ್ಸೊಫೋನಿನ ಮರಿಯಾನೊ ನಾಗಸ್ವರವನ್ನು ಕಲಿತರಷ್ಟೆ. ನಾಗಸ್ವರದ ಮನೆತನದಲ್ಲಿ ಹುಟ್ಟಿದ ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು (1949–2019) ಮೈಸೂರಿನ ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕಂಡು ಮನಸೋತು, ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿಯವರೊಡನೆ ನುಡಿಸಿದರು. ಇಬ್ಬರು ಎದುರುಬದುರು ದಿಕ್ಕಿನಿಂದ ಹೊರಟು ಒಂದೇ ಸೇತುವೆಯ ಮೇಲೆ ನಡೆದಂತಾಯಿತು.

ಮರಿಯಾನೊ 2009ರಲ್ಲಿ ತೀರಿಕೊಂಡರು. ಮಣಿಯವರು 2020ರಲ್ಲಿ ತೀರಿಕೊಂಡರು. ಅವರು ಕೂಡಿ ನುಡಿಸಿದುದನ್ನು ನಾವು ಇಂದೂ ಕೇಳಬಲ್ಲೆವು. ಏಕೆಂದರೆ ಯಾರೋ ಒಬ್ಬರು ಅಂದು ಧ್ವನಿಗ್ರಾಹಕವನ್ನು ಅವರ ಮುಂದಿಟ್ಟಿದ್ದರು.

ಈಗ ಕಮತಗಿಗೆ ಹಿಂದಿರುಗೋಣ. ಇದೇ ಜಿಲ್ಲೆಯ ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿ ಕರ್ನಾಟಕಿಯವರು ಚಲನಚಿತ್ರಗಳಲ್ಲಿ, ಗ್ರಾಮಫೋನ್ ತಟ್ಟೆಗಳಲ್ಲಿ ಹಾಡಿದರು. ಅವರು 1965ರಲ್ಲಿ ತೀರಿಕೊಂಡರೂ ಅವರ ಕಂಠ ಉಳಿದಿದೆ. ಆದರೆ ಅದೇ ಕಾಲದಲ್ಲಿ ಊರಿಂದೂರಿಗೆ ತಿರುಗಿ, ರಾತ್ರಿಯಿಡೀ ಪೇಟಿ ತಬಲ ನುಡಿಸಿದ ವಾದಕರಲ್ಲಿ ಹೆಚ್ಚಿನವರ ಒಂದು ಸ್ವರವೂ ಉಳಿದಿಲ್ಲ. ಅವರು ಕಡಿಮೆಯವರಾಗಿದ್ದರೆಂದಲ್ಲ, ಅವರ ಮುಂದೆ ಯಾರೂ ಧ್ವನಿಗ್ರಾಹಕವನ್ನಿಡಲಿಲ್ಲ. ಹಳೆಯ ಎಷ್ಟೋ ತಟ್ಟೆಗಳ ಮೇಲೆ ಗಾಯಕರ ಹೆಸರಿದೆ, ಪಕ್ಕವಾದ್ಯದವರ ಹೆಸರಿಲ್ಲ. ನಾದವಿದ್ದೂ ಹೆಸರಿಲ್ಲದವರು ಅವರು. ಡೇರೆಯ ವಾದಕರಿಗೆ ನಾದವೂ ಉಳಿಯಲಿಲ್ಲ, ಹೆಸರೂ ಉಳಿಯಲಿಲ್ಲ.

ಇಂದು ಧ್ವನಿಮುದ್ರಣದ ಯಂತ್ರ ಅನೇಕರ ಅಂಗೈಯಲ್ಲಿಯೇ ಇದೆ. ಮೊಬೈಲಿನ ಒಂದು ಗುಂಡಿಯನ್ನೊತ್ತಿದರೆ ಸಾಕು. ನಿಮ್ಮ ಊರಿನಲ್ಲಿಯೂ ಕರಡಿ ಮಜಲಿನ ಮೇಳವಿರಬಹುದು, ಶ್ರಾವಣದಲ್ಲಿ ಭಜನೆ ಮಾಡುವ ಹಿರಿಯರಿರಬಹುದು, ಒಂದು ಕಾಲಕ್ಕೆ ನಾಟಕದ ಕಂಪನಿಯಲ್ಲಿ ಪೇಟಿ ನುಡಿಸಿದ ಅಜ್ಜನೊಬ್ಬನಿರಬಹುದು. ಅವರ ಅಪ್ಪಣೆ ಪಡೆದು ಅವರ ಸಂಗೀತವನ್ನು ಮುದ್ರಿಸಿರಿ. ಯಾರು ಯಾವ ವಾದ್ಯ ನುಡಿಸಿದರು, ಯಾವ ದಿನ, ಯಾವ ಊರಿನಲ್ಲಿ ಎಂಬುದನ್ನು ಬರೆದಿಡಿರಿ. ತಾಳ ಹಿಡಿದವರ ಹೆಸರನ್ನೂ ಬಿಡದಿರಿ.

ಆದರೆ ಒಂದು ಮಾತನ್ನು ಮರೆಯಬಾರದು. ಯಂತ್ರವು ನಮ್ಮ ಪರವಾಗಿ ನೆನಪಿಟ್ಟುಕೊಳ್ಳಬಹುದು. ನಮ್ಮ ಪರವಾಗಿ ಕೇಳಲಾರದು. ಯಂತ್ರವನ್ನು ಮುಂದೆ ಹಿಡಿದು ಮನಸ್ಸನ್ನು ಬೇರೆಡೆ ಅಲೆಯಬಿಟ್ಟರೆ ಆ ಸಂಗೀತ ಉಳಿದೂ ಅಳಿದಂತೆಯೇ. ನ್ಯೂಯಾರ್ಕಿನ ನಾಲ್ವರಾಗಲಿ, ಬೆಂಗಳೂರಿನ ನಾಲ್ವರಾಗಲಿ, ಕಮತಗಿಯ ಡೇರೆಯ ನಾಲ್ವರಾಗಲಿ, ಅವರೆಲ್ಲ ಮೊದಲು ಕೇಳಿದರು, ಆಮೇಲೆ ನುಡಿಸಿದರು. ಮೇಳವೆಂದರೆ ಇಷ್ಟೇ. ಮನೆಯಲ್ಲಿಯೂ ಊರಿನಲ್ಲಿಯೂ ನಾಲ್ಕು ಜನ ಕೂಡಿ ಬಾಳುವುದಕ್ಕೆ ಇದಕ್ಕಿಂತ ಬೇರೆ ವಿದ್ಯೆ ಬೇಕಾಗಿಲ್ಲ.

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಕಮತಗಿಯ ನಾಟ್ಯ ಸಂಘಕ್ಕೆ ಯಾವ ಮಠದ ಹೆಸರಿದೆ?
2. ನಮ್ಮ ದೇಶದಲ್ಲಿ ಗ್ರಾಮಫೋನಿಗಾಗಿ ಧ್ವನಿಮುದ್ರಣ ಎಂದು ಆರಂಭವಾಯಿತು?
3. ಬೆಂಗಳೂರಿನ ನಾಲ್ವರ ಮೇಳದಲ್ಲಿ ಯಾರು ಯಾರಿದ್ದರು?
4. ಕೊನ್ನಕ್ಕೋಲು ಎಂದರೇನು?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಜಾಝ್ ಸಂಗೀತಕ್ಕೂ ನಮ್ಮ ಸಂಗೀತಕ್ಕೂ ಇರುವ ಸಾಮ್ಯವೇನು? ಭೇದವೇನು?
2. ಮುದ್ರಣದ ಕೋಣೆಯ ಸಂಗೀತಕ್ಕೂ ಕಛೇರಿಯ ಮುದ್ರಣಕ್ಕೂ ಇರುವ ವ್ಯತ್ಯಾಸವನ್ನು ವಿವರಿಸಿರಿ.
3. ಚಾರ್ಲಿ ಮರಿಯಾನೊ ಮತ್ತು ಕದ್ರಿ ಗೋಪಾಲನಾಥರು ಎದುರುಬದುರು ದಿಕ್ಕಿನಿಂದ ಬಂದವರೆಂದು ಲೇಖಕರು ಹೇಳಿರುವುದೇಕೆ?

ಇ. ಈ ಮಾತುಗಳನ್ನು ಸಂದರ್ಭದೊಡನೆ ವಿವರಿಸಿರಿ.
1. "ಆಲದ ಮರವನ್ನು ಕುಂಡದಲ್ಲಿ ನೆಟ್ಟಂತೆ."
2. "ಯಂತ್ರವು ನಮ್ಮ ಪರವಾಗಿ ನೆನಪಿಟ್ಟುಕೊಳ್ಳಬಹುದು, ನಮ್ಮ ಪರವಾಗಿ ಕೇಳಲಾರದು."

ಈ. ಭಾಷಾಭ್ಯಾಸ
1. ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿರಿ: ಅಂಗೈಯಗಲ, ಇಪ್ಪತ್ತೆರಡು, ಊರಿನಲ್ಲಿಯೂ.
2. ಸ್ವಂತ ವಾಕ್ಯಗಳಲ್ಲಿ ಬಳಸಿರಿ: ಕಿವಿಗೊಡು, ಮೈಮರೆ, ಮನಸೋಲು.

ಉ. ನಿಮ್ಮ ಊರಿನ ಒಬ್ಬ ಹಿರಿಯ ವಾದಕರನ್ನು ಕಂಡು ಮಾತನಾಡಿಸಿ, ಅವರ ಕಲಾಜೀವನವನ್ನು ಕುರಿತು ಒಂದು ಪುಟದ ಪ್ರಬಂಧವನ್ನು ಬರೆಯಿರಿ.